ಟಾರ್ಚು ಬೇಕೋ, ಕೋವಿ ಬೇಕೋ?

ರಾತ್ರಿ ಕರೆಂಟು ಹೋಗಿದೆ. ಹಿತ್ತಲಲ್ಲಿ ಏನೋ ಸದ್ದಾಗುತ್ತದೆ. ಮನೆಯ ಯಜಮಾನ ಏನು ಮಾಡುತ್ತಾನೆ? ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ದೊಣ್ಣೆ ಹಿಡಿದು ಬಾಗಿಲು ತೆರೆಯುತ್ತಾನೆ. ಇದನ್ನು ಯಾರೂ ಅವನಿಗೆ ಹೇಳಿಕೊಡಬೇಕಿಲ್ಲ. ಆದರೆ ಕ್ರಿ.ಶ. 2145ರಲ್ಲಿ ಮಂಗಳ ಗ್ರಹದ ಮೇಲೆ ಕೆಲಸಕ್ಕೆ ಹೋದ ಸೈನಿಕನೊಬ್ಬನಿಗೆ ಇಷ್ಟು ಸಣ್ಣ ಉಪಾಯ ಹೊಳೆಯಲೇ ಇಲ್ಲ. ಅವನು ಟಾರ್ಚು ಹಿಡಿದರೆ ಕೋವಿಯನ್ನು ಒಳಗಿಡಬೇಕು. ಕೋವಿ ತೆಗೆದರೆ ಕತ್ತಲಲ್ಲಿ ನಿಲ್ಲಬೇಕು. ಎರಡೂ ಒಟ್ಟಿಗೆ ಸಾಧ್ಯವಿಲ್ಲ.

ಈ ಸೈನಿಕ ನಿಜವಾದವನಲ್ಲ. 2004ರ ಆಗಸ್ಟ್ 3ರಂದು ಅಮೆರಿಕದ ಮಾರುಕಟ್ಟೆಗೆ ಬಂದ 'ಡೂಮ್ 3' ಎಂಬ ಕಂಪ್ಯೂಟರ್ ಆಟದ ನಾಯಕ ಅವನು. ಆಟ ಕೊಂಡವರ ಮೊದಲ ದೂರೇ ಈ ಟಾರ್ಚಿನದು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಹವ್ಯಾಸಿಯೊಬ್ಬ ಅದಕ್ಕೊಂದು ಸಣ್ಣ ತಿದ್ದುಪಡಿ ಬರೆದು ಎಲ್ಲರಿಗೂ ಉಚಿತವಾಗಿ ಹಂಚಿದ. ಆ ತಿದ್ದುಪಡಿ ಟಾರ್ಚನ್ನು ಬಂದೂಕಿನ ನಳಿಗೆಗೆ ಗಮ್‌ಟೇಪು ಸುತ್ತಿ ಅಂಟಿಸುತ್ತಿತ್ತು, ಅಷ್ಟೇ. ಮಂಗಳ ಗ್ರಹಕ್ಕೆ ಹೋಗಿ ಬರುವಷ್ಟು ಮುಂದುವರಿದವರ ಬಳಿ ಒಂದು ಸುರುಳಿ ಟೇಪು ಇರಲಿಲ್ಲವೇ ಎಂಬ ಕುಚೋದ್ಯ ಅದರಲ್ಲಿತ್ತು.

ಮೇಲ್ನೋಟಕ್ಕೆ ಇದು ಹುಡುಗಾಟದ ಜಗಳ. ಆದರೆ ಟಾರ್ಚಿನ ಹಿಂದೆ ದೊಡ್ಡದೊಂದು ಅಸಮಾಧಾನವಿತ್ತು. ಹತ್ತು ವರ್ಷ ಕಾದವರ ಕೈಗೆ ಬಂದದ್ದು ತಾವು ಕಾದ ಆಟವಲ್ಲ ಎಂಬ ಅಸಮಾಧಾನ ಅದು. ಅವರು ಕಾದದ್ದು ಓಡುವ ಆಟಕ್ಕೆ, ಬಂದದ್ದು ನಡೆಯುವ ಆಟ. ಜನ ಮೆಚ್ಚಿದ ಕೃತಿಯೊಂದರ ಉತ್ತರಭಾಗ ತನ್ನ ನಡಿಗೆಯನ್ನೇ ಬದಲಿಸಿದಾಗ ಏನಾಗುತ್ತದೆ, ಮೊದಲ ನೋಟದ ತೀರ್ಪನ್ನು ಎಷ್ಟು ನಂಬಬಹುದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಈ ಕಥೆಗೆ ಈಗ ಇಪ್ಪತ್ತು ವರ್ಷ ದಾಟಿದೆ. ಸಾವಧಾನವಾಗಿ ನೋಡಲು ಅಷ್ಟು ದೂರ ಸಾಕು.

ಓಟದ ಆಟ

ಕಥೆ ಆರಂಭವಾಗುವುದು ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ. ಜಾನ್ ಕಾರ್ಮ್ಯಾಕ್, ಜಾನ್ ರೊಮೆರೊ, ಟಾಮ್ ಹಾಲ್ ಮತ್ತು ಏಡ್ರಿಯನ್ ಕಾರ್ಮ್ಯಾಕ್ ಎಂಬ ನಾಲ್ವರು ತರುಣರು 1991ರಲ್ಲಿ 'ಇಡ್ ಸಾಫ್ಟ್‌ವೇರ್' ಎಂಬ ಸಂಸ್ಥೆ ಕಟ್ಟಿದರು. ಇಬ್ಬರು ಕಾರ್ಮ್ಯಾಕ್‌ಗಳು ಸಂಬಂಧಿಕರಲ್ಲ. ಒಬ್ಬ ಕ್ರಮವಿಧಿ ಬರೆಯುವವನು, ಇನ್ನೊಬ್ಬ ಚಿತ್ರಕಾರ. 1992ರಲ್ಲಿ ಅವರು ತಂದ 'ವುಲ್ಫನ್‌ಸ್ಟೈನ್ 3ಡಿ' ಆಟ ಹೆಸರು ಮಾಡಿತು. ಅದರ ಮುಂದಿನ ಹೆಜ್ಜೆಯೇ 'ಡೂಮ್'.

ಕಥೆ ಒಂದು ಚೀಟಿಯ ಮೇಲೆ ಬರೆಯುವಷ್ಟು. ಮಂಗಳ ಗ್ರಹದ ಎರಡು ಉಪಗ್ರಹಗಳಾದ ಫೋಬೋಸ್ ಮತ್ತು ಡೀಮೋಸ್‌ಗಳಲ್ಲಿ ಕಂಪನಿಯೊಂದು ವಸ್ತುಗಳನ್ನು ಕ್ಷಣಾರ್ಧದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಪ್ರಯೋಗ ನಡೆಸುತ್ತಿರುತ್ತದೆ. ಪ್ರಯೋಗ ಕೆಟ್ಟು ನರಕದ ಬಾಗಿಲು ತೆರೆದುಕೊಳ್ಳುತ್ತದೆ. ರಾಕ್ಷಸರು ನುಗ್ಗುತ್ತಾರೆ. ಉಳಿದವನು ಒಬ್ಬನೇ ಸೈನಿಕ. ಅವನಿಗೆ ಹೆಸರೂ ಇಲ್ಲ. ಅವನ ಕಣ್ಣೇ ಆಟಗಾರನ ಕಣ್ಣು. ಪರದೆಯ ಮೇಲೆ ಕಾಣುವುದು ಅವನ ಕೈ ಮತ್ತು ಕೋವಿ ಮಾತ್ರ.

1993ರ ಡಿಸೆಂಬರ್ 10ರಂದು ಆಟದ ಮೊದಲ ಭಾಗವನ್ನು ಉಚಿತವಾಗಿ ಬಿಡಲಾಯಿತು. ಮೆಚ್ಚಿದವರು ಹಣ ಕಳಿಸಿ ಉಳಿದೆರಡು ಭಾಗ ತರಿಸಿಕೊಳ್ಳಬೇಕು. ಕಡತವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಏರಿಸುವ ಏರ್ಪಾಟಾಗಿತ್ತು. ಆದರೆ ಕಾದು ಕುಳಿತ ಆಟಗಾರರೇ ಆ ಕಂಪ್ಯೂಟರಿನ ಸಂಪರ್ಕಗಳನ್ನೆಲ್ಲ ತುಂಬಿಕೊಂಡಿದ್ದರಿಂದ ಆಟ ಮಾಡಿದವರಿಗೇ ಒಳಗೆ ಹೋಗಲು ಜಾಗವಿರಲಿಲ್ಲ. ಮದುವೆ ಮನೆಯಲ್ಲಿ ನೆಂಟರ ನೂಕುನುಗ್ಗಲಿಗೆ ಮದುಮಗನೇ ಹೊರಗುಳಿದಂತಾಯಿತು. ಕೊನೆಗೆ ಹೇಗೋ ಕಡತ ಏರಿತು. ಆ ನೂಕಾಟಕ್ಕೆ ವಿಶ್ವವಿದ್ಯಾಲಯದ ಯಂತ್ರವೇ ಕುಸಿಯಿತು.

ಆಟದ ಮುಖ್ಯ ಗುಣ ಓಟ. ಸೈನಿಕ ಗಾಳಿಯಂತೆ ಓಡುತ್ತಾನೆ. ಅವನಿಗೆ ಏದುಸಿರಿಲ್ಲ, ಬಳಲಿಕೆಯಿಲ್ಲ. ಹತ್ತಿಪ್ಪತ್ತು ರಾಕ್ಷಸರು ಎಸೆಯುವ ಬೆಂಕಿಯುಂಡೆಗಳ ನಡುವೆ ಪಕ್ಕಕ್ಕೆ ಸರಿದು, ಸುತ್ತು ಹಾಕಿ, ಕೋವಿ ಹಾರಿಸುತ್ತ ಸಾಗುವುದೇ ಆಟ. 1994ರಲ್ಲಿ ಬಂದ 'ಡೂಮ್ 2' ಇನ್ನಷ್ಟು ರಾಕ್ಷಸರನ್ನೂ, ಆಟಗಾರರು ಇಂದಿಗೂ ನೆನೆಯುವ ಜೋಡುನಳಿಗೆ ಕೋವಿಯನ್ನೂ ಸೇರಿಸಿತು. ಆಟಗಾರರು ತಮ್ಮದೇ ನಕ್ಷೆಗಳನ್ನು ರಚಿಸಿ ಹಂಚಿಕೊಂಡರು. 1997ರ ಡಿಸೆಂಬರಿನಲ್ಲಿ ಸಂಸ್ಥೆ ಆಟದ ಮೂಲ ಕ್ರಮವಿಧಿಯನ್ನೇ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಹೀಗೆ ಕ್ರಮೇಣ 'ಡೂಮ್' ಮಾಡಿದವರಿಗಿಂತ ಆಡಿದವರ ಸ್ವತ್ತಾಯಿತು.

ವೇಗ ಎಲ್ಲಿಂದ ಬಂತು?

ಈ ವೇಗ ಆಟದ ಆತ್ಮ ಎಂದು ಅಭಿಮಾನಿಗಳು ನಂಬಿದ್ದಾರೆ. ಚರಿತ್ರೆ ಹೇಳುವುದು ಸ್ವಲ್ಪ ಬೇರೆ. 1992ರ ಕೊನೆಯಲ್ಲಿ ಟಾಮ್ ಹಾಲ್ ಈ ಆಟಕ್ಕೆ ವಿವರವಾದ ಯೋಜನೆಯೊಂದನ್ನು ಬರೆದಿದ್ದ. ಅದಕ್ಕೆ 'ಡೂಮ್ ಬೈಬಲ್' ಎಂದೇ ಹೆಸರು. ಅದರಲ್ಲಿ ಹಲವು ಪಾತ್ರಗಳಿದ್ದವು, ಅವರಿಗೆ ಹಿನ್ನೆಲೆಯಿತ್ತು, ನಿಜವಾದ ಸೇನಾ ನೆಲೆಯನ್ನು ಹೋಲುವ ಕೋಣೆಗಳಿದ್ದವು. ಕಥೆ ಬಿಚ್ಚಿಕೊಳ್ಳುತ್ತ ಹೋಗುವ ಆಟ ಅವನ ಮನಸ್ಸಿನಲ್ಲಿತ್ತು. ಸಂಗಡಿಗರಿಗೆ ಅದು ರುಚಿಸಲಿಲ್ಲ. ಯೋಜನೆಯ ಬಹುಭಾಗವನ್ನು ಕೈಬಿಡಲಾಯಿತು. 1993ರ ಆಗಸ್ಟಿನಲ್ಲಿ ಹಾಲ್ ಸಂಸ್ಥೆಯಿಂದ ಹೊರನಡೆದ. ಅಂದರೆ ಕಥೆ ಹೇಳುತ್ತ ನಿಧಾನವಾಗಿ ನಡೆಯುವ 'ಡೂಮ್' 2004ರಲ್ಲಿ ಹುಟ್ಟಿದ ಹೊಸ ಹುಚ್ಚಲ್ಲ. ಮೊದಲ ಆಟ ಹೊರಬರುವ ಮುನ್ನವೇ ಒಮ್ಮೆ ಹುಟ್ಟಿ ಸತ್ತ ಕಲ್ಪನೆ ಅದು.

ಎರಡನೆಯ ಕಾರಣ ಯಂತ್ರದ್ದು. ಅಂದಿನ 386, 486 ಕಂಪ್ಯೂಟರುಗಳಿಗೆ ಮೂರು ಆಯಾಮದ ಲೋಕವನ್ನು ಕ್ಷಣಕ್ಷಣಕ್ಕೂ ಬರೆಯುವ ಶಕ್ತಿ ಕಡಿಮೆ. ಕಾರ್ಮ್ಯಾಕ್ ಜಾಣತನ ಬಳಸಿದ. ನಕ್ಷೆಯನ್ನು ಮೊದಲೇ ತುಂಡು ತುಂಡಾಗಿ ವಿಂಗಡಿಸಿಟ್ಟು, ಆಟಗಾರನ ಕಣ್ಣಿಗೆ ಯಾವ ಗೋಡೆ ಮೊದಲು ಕಾಣುತ್ತದೆಂದು ಯಂತ್ರ ಥಟ್ಟನೆ ಕಂಡುಕೊಳ್ಳುವಂತೆ ಮಾಡಿದ. ಆಟದಲ್ಲಿ ತಲೆಯೆತ್ತಿ ನೋಡುವಂತಿಲ್ಲ, ಬಗ್ಗಿ ನೋಡುವಂತಿಲ್ಲ, ಜಿಗಿಯುವಂತಿಲ್ಲ. ರಾಕ್ಷಸರು ಘನ ದೇಹಗಳಲ್ಲ, ಜಾತ್ರೆಯ ಫೋಟೋ ಅಂಗಡಿಯಲ್ಲಿ ನಿಲ್ಲಿಸುವ ಹಲಗೆಯಂಥ ಚಪ್ಪಟೆ ಚಿತ್ರಗಳು. ಚಪ್ಪಟೆ ಚಿತ್ರವಾದ್ದರಿಂದಲೇ ಅವರನ್ನು ಡಜನ್‌ಗಟ್ಟಲೆ ತಂದು ನಿಲ್ಲಿಸಬಹುದಿತ್ತು. ವಿವರ ಕಡಿಮೆ, ಸಂಖ್ಯೆ ಹೆಚ್ಚು. ಅದಕ್ಕೆ ಸರಿಹೊಂದುವ ಆಟವೆಂದರೆ ಓಟ. ಯಂತ್ರದ ಬಡತನವೇ ಆಟದ ವೇಗಕ್ಕೆ ದಾರಿ ಮಾಡಿಕೊಟ್ಟಿತು ಎಂದರೆ ತಪ್ಪಾಗಲಾರದು.

ಬೆಳಕಿನ ಬೆಲೆ

2000ದ ಹೊತ್ತಿಗೆ ಪರಿಸ್ಥಿತಿ ಬದಲಾಗಿತ್ತು. ನಡುವೆ ಇಡ್ ಸಂಸ್ಥೆ 'ಕ್ವೇಕ್' ಸರಣಿಯ ಮೂರು ಆಟಗಳನ್ನು ತಂದಿತ್ತು. ಟಾಮ್ ಹಾಲ್‌ನ ನಂತರ ರೊಮೆರೊ ಕೂಡ 1996ರಲ್ಲಿ ಸಂಸ್ಥೆ ಬಿಟ್ಟಿದ್ದ. ಹೊಸ 'ಡೂಮ್' ಮಾಡಬೇಕೆಂದು ಜಾನ್ ಕಾರ್ಮ್ಯಾಕ್ ಮತ್ತು ಕೆಲವು ಸಹೋದ್ಯೋಗಿಗಳು ಹಟ ಹಿಡಿದರು. ಹಳೆಯದನ್ನೇ ಮತ್ತೆ ಮಾಡುವುದು ಪಾಲುದಾರರಲ್ಲಿ ಇಬ್ಬರಿಗೆ ಇಷ್ಟವಿರಲಿಲ್ಲ. ಒಳಜಗಳ ಎಷ್ಟು ಕಹಿಯಾಯಿತೆಂದರೆ ಕಲಾವಿದನೊಬ್ಬ ಕೆಲಸ ಕಳೆದುಕೊಂಡ. 2000ದ ಜೂನ್ 1ರಂದು ಕಾರ್ಮ್ಯಾಕ್ ಹೊಸ ಆಟದ ನಿರ್ಧಾರವನ್ನು ಬಹಿರಂಗಪಡಿಸಿದ.

ಅವನ ತಲೆಯಲ್ಲಿದ್ದದ್ದು ಬೆಳಕು. ಅದುವರೆಗಿನ ಆಟಗಳಲ್ಲಿ ಬೆಳಕು ಬಹುತೇಕ ಮೊದಲೇ ಬಳಿದಿಟ್ಟ ಬಣ್ಣವಾಗಿತ್ತು. ಗೋಡೆಯ ಮೇಲಿನ ನೆರಳು ಸುಣ್ಣದಂತೆ ಅಲ್ಲೇ ಅಂಟಿಕೊಂಡಿರುತ್ತಿತ್ತು. ದೀಪ ಅಲುಗಿದರೂ ನೆರಳು ಅಲುಗದು. ಹೊಸ ಪದ್ಧತಿಯಲ್ಲಿ ಗೋಡೆ, ಮೇಜು, ಮನುಷ್ಯ, ರಾಕ್ಷಸ ಎಲ್ಲದಕ್ಕೂ ಒಂದೇ ನಿಯಮ. ದೀಪ ತೂಗಾಡಿದರೆ ಕೋಣೆಯ ನೆರಳುಗಳೆಲ್ಲ ತೂಗಾಡುತ್ತವೆ. ರಾಕ್ಷಸ ಬರುವ ಮೊದಲೇ ಅವನ ನೆರಳು ಗೋಡೆಯ ಮೇಲೆ ಬರುತ್ತದೆ. 2001ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ನಡೆದ ಆಪಲ್ ಸಂಸ್ಥೆಯ ಸಮಾವೇಶದಲ್ಲಿ ಇದರ ಮೊದಲ ತುಣುಕು ಪ್ರದರ್ಶನಗೊಂಡಾಗ ನೋಡಿದವರು ಬೆರಗಾದರು.

ಆದರೆ ಈ ಬೆಳಕಿಗೆ ಬೆಲೆ ತೆರಬೇಕಿತ್ತು. ಪ್ರತಿ ದೀಪಕ್ಕೂ, ಅದರ ಮುಂದೆ ನಿಂತ ಪ್ರತಿ ವಸ್ತುವಿಗೂ, ನೆರಳು ಎಲ್ಲಿಂದ ಎಲ್ಲಿಯವರೆಗೆ ಎಂದು ಯಂತ್ರ ಮತ್ತೆ ಮತ್ತೆ ಲೆಕ್ಕ ಹಾಕಬೇಕು. ದೀಪ ಹೆಚ್ಚಿದಷ್ಟೂ, ರಾಕ್ಷಸರು ಹೆಚ್ಚಿದಷ್ಟೂ ಲೆಕ್ಕ ಬೆಳೆಯುತ್ತದೆ. ಆದ್ದರಿಂದ ದೀಪಗಳು ಕಡಿಮೆಯಾದವು, ಕೋಣೆಗಳು ಕಿರಿದಾದವು. ಬಹುಪಾಲು ಕಡೆಗಳಲ್ಲಿ ರಾಕ್ಷಸರು ಒಮ್ಮೆಗೆ ಮೂರೋ ನಾಲ್ಕೋ ಮಾತ್ರ. ಕಿರಿದಾದ ಕತ್ತಲ ಕೋಣೆ, ಬೆರಳೆಣಿಕೆಯ ರಾಕ್ಷಸರು ಎಂದಾಗ ಅಲ್ಲಿ ಓಟಕ್ಕೆ ಜಾಗವೆಲ್ಲಿ? ಅಲ್ಲಿ ನಡೆಯುವುದು ಹೆಜ್ಜೆ ಮೇಲೆ ಹೆಜ್ಜೆಯ ಭಯ. ಹಳೆಯ ಯಂತ್ರ ವೇಗವನ್ನು ಕೊಟ್ಟಂತೆಯೇ ಹೊಸ ಯಂತ್ರ ನಿಧಾನವನ್ನು ಕೊಟ್ಟಿತು.

ಕಾಲವೂ ಅದಕ್ಕೆ ಒತ್ತಾಸೆಯಾಗಿತ್ತು. 1998ರಲ್ಲಿ ಬಂದ 'ಹಾಫ್ ಲೈಫ್' ಎಂಬ ಆಟ ಕೋವಿಯ ಆಟದಲ್ಲೂ ಕಥೆ ಹೇಳಬಹುದೆಂದು ತೋರಿಸಿತ್ತು. ಅದರ ಆರಂಭದಲ್ಲಿ ನಾಯಕ ಸುಮ್ಮನೆ ಒಂದು ಪುಟ್ಟ ರೈಲಿನಲ್ಲಿ ಕೂತು ಕೆಲಸಕ್ಕೆ ಹೋಗುತ್ತಾನೆ. 'ಡೂಮ್ 3'ಕ್ಕೂ ಕಥೆಗಾರ ಬೇಕೆನಿಸಿತು. ಮ್ಯಾಥ್ಯೂ ಕಾಸ್ಟೆಲ್ಲೊ ಎಂಬ ಕಾದಂಬರಿಕಾರನನ್ನು ಕರೆತರಲಾಯಿತು. ಟಿಮ್ ವಿಲಿಟ್ಸ್ ವಿನ್ಯಾಸದ ಮುಖ್ಯಸ್ಥನಾದ. ಹೊಸ ಆಟ ಹಳೆಯ ಕಥೆಯನ್ನೇ ಮೊದಲಿಂದ, ಬಿಡಿಸಿ ಹೇಳುವುದೆಂದಾಯಿತು. ಟಾಮ್ ಹಾಲ್ ಬಿಟ್ಟುಹೋದ ದಾರಿಗೆ ಹತ್ತು ವರ್ಷದ ನಂತರ ಅವನಿಲ್ಲದೆ ಅವನ ಸಂಸ್ಥೆ ಮರಳಿತ್ತು.

ಮೊದಲ ವಾರ

2004ರ ಆಗಸ್ಟಿನಲ್ಲಿ ಅಂಗಡಿಗಳು ನಡುರಾತ್ರಿ ಬಾಗಿಲು ತೆರೆದವು. ಆಟ ಮೂರು ಸಿ.ಡಿ.ಗಳಲ್ಲಿತ್ತು. ಅದಕ್ಕೆ ಕನಿಷ್ಠ 384 ಎಂ.ಬಿ. ನೆನಪಿನಶಕ್ತಿಯ ಕಂಪ್ಯೂಟರು ಬೇಕಿತ್ತು. ಅಂದಿಗೆ ಅದು ಸಣ್ಣ ಬೇಡಿಕೆಯಲ್ಲ. ಅತ್ಯುಚ್ಚ ಗುಣಮಟ್ಟದ ಚಿತ್ರ ಬೇಕಾದರೆ 512 ಎಂ.ಬಿ.ಯ ಗ್ರಾಫಿಕ್ಸ್ ಕಾರ್ಡು ಬೇಕು. ಅಷ್ಟು ದೊಡ್ಡ ಕಾರ್ಡು ಸಾಮಾನ್ಯ ಆಟಗಾರನ ಕೈಗೆ ಆಗಿನ್ನೂ ಎಟುಕಿರಲಿಲ್ಲ. ಬರಬೇಕಾದ ಯಂತ್ರಕ್ಕಾಗಿ ಮೊದಲೇ ಹೊಲಿದಿಟ್ಟ ಅಂಗಿಯಂತಿತ್ತು ಈ ಆಟ.

ಆಟ ಹಾಕಿ ಕೂತವನಿಗೆ ಮೊದಲು ಎದುರಾದದ್ದು ಕಾಯುವಿಕೆ. ಸೈನಿಕ ಮಂಗಳ ಗ್ರಹದ ನೆಲೆಗೆ ಬಂದಿಳಿಯುತ್ತಾನೆ. ತಪಾಸಣೆಯಾಗುತ್ತದೆ. ಒಂದು ಅಂಗೈ ಕಂಪ್ಯೂಟರು ಕೊಡುತ್ತಾರೆ. ಕಾಣೆಯಾದ ವಿಜ್ಞಾನಿಯೊಬ್ಬನನ್ನು ಹುಡುಕಿ ಬಾ ಎಂದು ಮೇಲಧಿಕಾರಿ ಕಳಿಸುತ್ತಾನೆ. ದಾರಿಯಲ್ಲಿ ಸಿಬ್ಬಂದಿ ಗೊಣಗುತ್ತಾರೆ: ಇಲ್ಲೇನೋ ಸರಿಯಿಲ್ಲ, ರಾತ್ರಿ ಸದ್ದು ಕೇಳುತ್ತದೆ, ಜನ ಹುಚ್ಚರಾಗುತ್ತಿದ್ದಾರೆ. ಇಷ್ಟು ಹೊತ್ತೂ ಹೊಡೆಯಲು ಒಂದು ರಾಕ್ಷಸನೂ ಇಲ್ಲ. 1993ರ ಆಟದಲ್ಲಿ ಬಾಗಿಲು ತೆರೆದ ಕೆಲವೇ ಕ್ಷಣಗಳಲ್ಲಿ ಗುಂಡು ಹಾರುತ್ತಿತ್ತು.

ಅನಾಹುತ ಆದ ಮೇಲೂ ಓಟ ಸಿಗಲಿಲ್ಲ. ಈ ಸೈನಿಕ ಓಡಿದರೆ ದಣಿಯುತ್ತಾನೆ. ಪರದೆಯ ಮೇಲೆ ಅವನ ದಮ್ಮಿನ ಅಳತೆ ಇಳಿಯುತ್ತದೆ. ಮುಗಿದರೆ ನಡೆಯಲೇಬೇಕು. ಸತ್ತವರ ಅಂಗೈ ಕಂಪ್ಯೂಟರುಗಳನ್ನು ಎತ್ತಿಕೊಂಡು, ಅವರ ಓಲೆಗಳನ್ನು ಓದಿ, ದನಿಮುದ್ರಿಕೆ ಕೇಳಿ, ಬೀರುಗಳ ಗುಪ್ತಸಂಖ್ಯೆ ಹುಡುಕಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಟಾರ್ಚು ಮತ್ತು ಕೋವಿಯ ನಡುವೆ ಪ್ರತಿ ಮೂಲೆಯಲ್ಲೂ ಆಯ್ಕೆ ಮಾಡಬೇಕು.

ಮೊದಲ ಆಟಗಾರರ ಮಾತು ಎರಡು ದಿಕ್ಕಿಗೆ ಹರಿಯಿತು. ಒಂದು ಕಡೆ ಹೊಗಳಿಕೆ. ಇಂಥ ಬೆಳಕು ನೋಡಿರಲಿಲ್ಲ, ದೀಪ ಆರಿಸಿ ಕಿವಿಗೆ ಹೆಡ್‌ಫೋನು ಹಾಕಿ ಆಡಿದರೆ ಬೆವರಿಳಿಯುತ್ತದೆ, ನರಕದ ಅಧ್ಯಾಯವಂತೂ ಅದ್ಭುತ ಎಂದರು. ವಿಮರ್ಶಕರೂ ಬಹುಮಟ್ಟಿಗೆ ಮೆಚ್ಚಿದರು. ವಿಮರ್ಶೆಗಳ ಅಂಕ ಕೂಡಿಸಿ ನೋಡಿದರೆ ನೂರಕ್ಕೆ 87. ಇನ್ನೊಂದು ಕಡೆ ದೂರುಗಳ ಪಟ್ಟಿ. ರಾಕ್ಷಸರು ಸಾಲದು. ಅವರು ಬರುವ ರೀತಿ ಯಾವಾಗಲೂ ಒಂದೇ: ಮದ್ದುಗುಂಡು ಎತ್ತಿಕೊಂಡ ತಕ್ಷಣ ದೀಪ ಆರುತ್ತದೆ, ಬೆನ್ನ ಹಿಂದೆ ಗೋಡೆ ತೆರೆದು ಒಬ್ಬ ಹೊರಬರುತ್ತಾನೆ. ಎರಡು ಸಲ ಬೆಚ್ಚಿದವನು ಮೂರನೆಯ ಸಲ ಗೋಡೆಗೆ ಬೆನ್ನು ಕೊಟ್ಟು ಕಾಯುತ್ತಾನೆ. ಕೋವಿಯ ಚೆರೆಗಳು ತೀರ ಚದುರಿಹೋಗಿ, ಹತ್ತು ಹೆಜ್ಜೆ ದೂರದವನಿಗೆ ತಾಗುವುದಿಲ್ಲ. ಹಲವರು ಸೇರಿ ಆಡುವುದಾದರೆ ಗರಿಷ್ಠ ನಾಲ್ವರು. ಗೆಳೆಯರು ಜೊತೆಯಾಗಿ ರಾಕ್ಷಸರನ್ನು ಎದುರಿಸುವ ಹಳೆಯ ಸೌಲಭ್ಯ ಈ ಆವೃತ್ತಿಯಲ್ಲಿ ಇಲ್ಲವೇ ಇಲ್ಲ. ಈ ಎಲ್ಲ ದೂರುಗಳ ತಲೆಯ ಮೇಲೆ ಟಾರ್ಚು ಕೂತಿತ್ತು. ಎಲ್ಲವನ್ನೂ ಹಿಂಡಿದರೆ ಉಳಿಯುತ್ತಿದ್ದ ಮಾತು ಒಂದೇ: ಆಟ ಚೆನ್ನಾಗಿದೆ, ಆದರೆ ಇದು ಡೂಮ್ ಅಲ್ಲ.

ಎರಡೂ ಕಡೆ ನ್ಯಾಯ

ಟಾರ್ಚಿನ ಏರ್ಪಾಟು ಮರೆವಿನಿಂದ ಆದ ತಪ್ಪಲ್ಲ. ಆಟ ಮಾಡಿದವರು ಅದನ್ನು ಬೇಕೆಂದೇ ಇಟ್ಟಿದ್ದರು. ನೋಡುವವನು ನಿರಾಯುಧ, ಆಯುಧ ಹಿಡಿದವನು ಕುರುಡ ಎಂಬ ಇಕ್ಕಟ್ಟಿನಲ್ಲೇ ಭಯ ಹುಟ್ಟುತ್ತದೆಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಆಟಗಾರರ ವಾದವೂ ಪೊಳ್ಳಲ್ಲ. ಭಯ ನಂಬಿಕೆಯನ್ನು ಬೇಡುತ್ತದೆ. ಹಿತ್ತಲಿಗೆ ಹೋಗುವ ಯಜಮಾನನಿಗೆ ಇರುವ ಬುದ್ಧಿ ಸೈನಿಕನಿಗೆ ಏಕಿಲ್ಲ ಎಂಬ ಪ್ರಶ್ನೆ ಎದ್ದ ಕ್ಷಣ ನಂಬಿಕೆ ಒಡೆಯುತ್ತದೆ. ಆಗ ಕಾಣುವುದು ಮಂಗಳ ಗ್ರಹವಲ್ಲ, ಪರದೆಯ ಹಿಂದೆ ಕೂತು ದಾರ ಎಳೆಯುವವನ ಕೈ.

ಇನ್ನು 'ಇದು ಡೂಮ್ ಅಲ್ಲ' ಎಂಬ ಮಾತು. ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಆ ವಾರದ ಗದ್ದಲದಲ್ಲಿ ಹೆಚ್ಚು ಜನ ಗಮನಿಸಲಿಲ್ಲ. 1993ರಲ್ಲಿ ಮೊದಲ 'ಡೂಮ್' ಆಡಿದವರಿಗೂ ಅದು ಭಯದ ಆಟವೇ ಆಗಿತ್ತು. ಅದರಲ್ಲೂ ಕತ್ತಲ ಕೋಣೆಗಳಿದ್ದವು, ಮಿಣುಕುವ ದೀಪಗಳಿದ್ದವು, ಬೆನ್ನ ಹಿಂದೆ ತೆರೆಯುವ ಗೋಡೆಗಳೂ ಇದ್ದವು. ಮೂರನೆಯ ಆಟದ ಯಾವ ಕುತಂತ್ರವನ್ನು ಹಳೆಯ ಆಟಗಾರರು ಹಳಿದರೋ, ಅದರ ಬೀಜ ಮೊದಲನೆಯದರಲ್ಲೇ ಇತ್ತು. ಆ ದಿನಗಳಲ್ಲಿ ಬಹಳ ಜನ ಮೌಸ್ ಬಿಟ್ಟು ಕೀಲಿಮಣೆಯಲ್ಲೇ ಆಡುತ್ತಿದ್ದರು. ಅಪರಿಚಿತ ನಕ್ಷೆಯಲ್ಲಿ ಒಂದೊಂದೇ ಬಾಗಿಲು ತೆರೆದು ಇಣುಕುತ್ತಿದ್ದರು. ಓಡುವ ಶಕ್ತಿ ಸೈನಿಕನಿಗಿತ್ತು, ಧೈರ್ಯ ಆಟಗಾರನಿಗಿರಲಿಲ್ಲ.

ಧೈರ್ಯ ಬಂದದ್ದು ಅಭ್ಯಾಸದಿಂದ. ಹತ್ತು ವರ್ಷದಲ್ಲಿ ಅವರು ಆ ನಕ್ಷೆಗಳನ್ನು ನೂರಾರು ಸಲ ಓಡಿದರು. ಯಾವ ಮೂಲೆಯಲ್ಲಿ ಯಾರಿದ್ದಾರೆಂದು ಬಾಯಿಪಾಠವಾಯಿತು. ಮೊದಲ ಅಧ್ಯಾಯದ ಮೊದಲ ನಕ್ಷೆಯನ್ನು ಹತ್ತು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಮುಗಿಸಿದ ಪ್ರವೀಣರಿದ್ದಾರೆ. 2004ರಲ್ಲಿ ಆಟಗಾರ ಹೋಲಿಸಿದ್ದು ಹಳೆಯ ಆಟದ ನೂರನೆಯ ಓಟವನ್ನು, ಹೊಸ ಆಟದ ಮೊದಲ ಹೆಜ್ಜೆಯ ಜೊತೆ. ದಿನವೂ ಓಡಾಡಿದ ಓಣಿಗೆ ಹೊಸ ಊರಿನ ಬೀದಿಯನ್ನು ಹೋಲಿಸಿದಂತೆ. ಅಂಥ ಹೋಲಿಕೆಯಲ್ಲಿ ಹೊಸತು ಗೆಲ್ಲುವುದು ಹೇಗೆ?

ಹಾಗೆಂದು ಆಟಗಾರರ ಅನಿಸಿಕೆ ಬರಿಯ ಭ್ರಮೆ ಎಂದು ತಳ್ಳಿಹಾಕುವುದೂ ಸರಿಯಲ್ಲ. 'ಡೂಮ್ 3' ಅನ್ನು ನೂರು ಸಲ ಆಡಿದರೂ ಅದು ಓಟದ ಆಟವಾಗುವುದಿಲ್ಲ. ದಮ್ಮಿನ ಅಳತೆ, ಇಕ್ಕಟ್ಟಾದ ಕೋಣೆ, ಕಡಿಮೆ ರಾಕ್ಷಸರು ಅದನ್ನು ಬಿಡುವುದಿಲ್ಲ. ಹಳೆಯ ಆಟ ಭಯದಿಂದ ಆರಂಭಿಸಿ ಪರಿಣತಿಯ ಕಡೆಗೆ ಬೆಳೆಯಲು ಆಟಗಾರನಿಗೆ ಅವಕಾಶ ಕೊಟ್ಟಿತ್ತು. ಹೊಸದು ಅವನನ್ನು ಭಯದಲ್ಲೇ ನಿಲ್ಲಿಸಲು ನೋಡಿತು. ಮೊದಲ ವಾರದ ಆಟಗಾರರಿಗೆ ಇದನ್ನು ಹೀಗೆ ಬಿಡಿಸಿ ಹೇಳಲು ಆಗಿರಲಿಕ್ಕಿಲ್ಲ. ಅವರು ಟಾರ್ಚಿನ ಮೇಲೆ ಸಿಟ್ಟು ತೀರಿಸಿಕೊಂಡರು. ನೋವು ಎಲ್ಲಿದೆಯೆಂದು ತೋರಿಸಿದ ಬೆರಳು ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ನೋವು ಮಾತ್ರ ನಿಜವಾಗಿತ್ತು.

ತಿದ್ದುಪಡಿಯ ಕಥೆ

ದೂರು ಆಟದ ಮಾರಾಟಕ್ಕೆ ಅಡ್ಡಿಯಾಗಲಿಲ್ಲ. ಕೆಲವೇ ವರ್ಷಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವೆಂದು ಸಂಸ್ಥೆ ಹೇಳಿಕೊಂಡಿತು. ಆದರೆ 2004ರ ನವೆಂಬರಿನಲ್ಲಿ 'ಹಾಫ್ ಲೈಫ್ 2' ಬಂತು. ಹೊರಾಂಗಣದ ಬೆಳಕು, ಎತ್ತಿ ಎಸೆಯಬಹುದಾದ ವಸ್ತುಗಳು, ಕಥೆಯ ಜೊತೆಗೇ ಓಟ ಎಲ್ಲವೂ ಅದರಲ್ಲಿದ್ದವು. ಮೂರೇ ತಿಂಗಳ ಹಿಂದೆ ಭವಿಷ್ಯದಂತೆ ಕಂಡ ಆಟ ಅಷ್ಟರಲ್ಲೇ ಕೊಂಚ ಹಳತಾಗಿ ಕಂಡಿತು. 2005ರ ಏಪ್ರಿಲಿನಲ್ಲಿ ಬಂದ ಪೂರಕ ಭಾಗದಲ್ಲಿ ಜೋಡುನಳಿಗೆ ಕೋವಿ ಮರಳಿ ಬಂತು. ಅಭಿಮಾನಿಗಳ ದನಿ ತಲುಪಿತ್ತು.

ನಿಜವಾದ ಪರೀಕ್ಷೆ ನಡೆದದ್ದು ಎಂಟು ವರ್ಷದ ನಂತರ. 2012ರ ಅಕ್ಟೋಬರಿನಲ್ಲಿ ಸಂಸ್ಥೆ ಅದೇ ಆಟದ ಪರಿಷ್ಕೃತ ಆವೃತ್ತಿಯನ್ನು 'ಬಿಎಫ್‌ಜಿ ಎಡಿಷನ್' ಎಂಬ ಹೆಸರಿನಲ್ಲಿ ತಂದಿತು. ಅದರಲ್ಲಿ ಟಾರ್ಚು ಸೈನಿಕನ ಕವಚಕ್ಕೇ ಜೋಡಿಸಿದೆ. ಬ್ಯಾಟರಿ ಸ್ವಲ್ಪ ಹೊತ್ತು ಮಾತ್ರ ಉರಿಯುತ್ತದೆ ಎಂಬುದನ್ನು ಬಿಟ್ಟರೆ, ಬೆಳಕೂ ಕೋವಿಯೂ ಒಟ್ಟಿಗೆ ಸಿಗುತ್ತವೆ. ಕೋಣೆಗಳನ್ನು ತುಸು ಬೆಳಗಿಸಲಾಗಿತ್ತು, ಮದ್ದುಗುಂಡೂ ಧಾರಾಳವಾಗಿತ್ತು. ಅಂದರೆ ಮೊದಲ ವಾರದ ದೂರುಗಳಲ್ಲಿ ಮುಖ್ಯವಾದದ್ದನ್ನು ಒಪ್ಪಿಕೊಂಡಂತಾಯಿತು.

ಫಲ ವಿಚಿತ್ರವಾಗಿತ್ತು. ಒಂದು ಕಾಲಕ್ಕೆ ಗಮ್‌ಟೇಪು ಬೇಡಿದವರ ಗುಂಪಿನಿಂದಲೇ ಈಗ ಬೇರೆ ದೂರು ಕೇಳಿಬಂತು: ಭಯ ಹೋಯಿತು, ಹಳೆಯದೇ ಚೆನ್ನಾಗಿತ್ತು. ಜನರ ಬಾಯಿಗೆ ಬೀಗವಿಲ್ಲ ಎಂದು ನಕ್ಕು ಸುಮ್ಮನಾಗಬಹುದು. ಆದರೆ ಎರಡೂ ದೂರು ಒಂದೇ ಸತ್ಯದ ಎರಡು ತುದಿಗಳು. ಕತ್ತಲು, ಬೆಳಕು, ಗುಂಡಿನ ಕೊರತೆ, ಇಕ್ಕಟ್ಟಾದ ಕೋಣೆ ಎಲ್ಲವೂ ಒಂದಕ್ಕೊಂದು ಆತುಕೊಂಡಿದ್ದವು. ಒಂದು ಕಂಬ ತೆಗೆದಾಗ ಮಾಡು ಕುಸಿಯಲಿಲ್ಲ, ಆದರೆ ಮನೆ ಅದೇ ಮನೆಯಾಗಿ ಉಳಿಯಲಿಲ್ಲ.

ಈ ಬರಹಕ್ಕಾಗಿ ಎರಡೂ ಆವೃತ್ತಿಗಳನ್ನು ಎರಡು ರಾತ್ರಿ ಕೂತು ಆಡಿ ನೋಡಿದೆ. 2004ರಲ್ಲಿ ಈ ಆಟ ಆಡುವ ವಯಸ್ಸು ನನ್ನದಾಗಿರಲಿಲ್ಲ; ಹಳೆಯ 'ಡೂಮ್' ಬಗ್ಗೆ ಮಮಕಾರವೂ ಇರಲಿಲ್ಲ. ಪರಿಷ್ಕೃತ ಆವೃತ್ತಿಯಲ್ಲಿ ಸಲೀಸಾಗಿ ಮುಂದೆ ಹೋದೆ. ಯಾವ ಕೋಣೆಯೂ ಈಗ ನೆನಪಿಲ್ಲ. ಮೂಲ ಆವೃತ್ತಿಯಲ್ಲಿ ಒಂದು ಮೆಟ್ಟಿಲ ಕೆಳಗೆ ಟಾರ್ಚಿನ ಬೆಳಕಿಗೆ ಎರಡು ಕಾಲು ಕಂಡವು. 'ಎಫ್' ಗುಂಡಿ ಒತ್ತಿ ಟಾರ್ಚು ಬಿಟ್ಟು ಕೋವಿ ತೆಗೆಯುವಷ್ಟರಲ್ಲಿ ಕಾಲು ಇದ್ದ ಜಾಗ ಕಪ್ಪಾಯಿತು. ಊಹೆಯ ಮೇಲೆ ಹಾರಿಸಿದೆ. ಕೋವಿಯ ಮಿಂಚಿನಲ್ಲಿ ಒಂದು ಕ್ಷಣ ಮುಖ ಕಂಡಿತು, ಅದು ನಾನು ಗುರಿಯಿಟ್ಟ ಕಡೆ ಇರಲಿಲ್ಲ. ಆ ಮೆಟ್ಟಿಲು ಈಗಲೂ ನೆನಪಿದೆ. ಸೈನಿಕನ ದಡ್ಡತನಕ್ಕೆ ಸಿಟ್ಟು ಬಂದದ್ದೂ ನೆನಪಿದೆ. ಎರಡೂ ಒಟ್ಟಿಗೇ ಆದವು.

ಮತ್ತೆ ಓಟ, ಮತ್ತೆ ಭಾರ

'ಡೂಮ್ 3'ರ ನಂತರ ಸಂಸ್ಥೆಗೆ ತನ್ನ ದಾರಿ ಯಾವುದೆಂದು ತಿಳಿಯಲು ಬಹಳ ಕಾಲ ಬೇಕಾಯಿತು. 2008ರಲ್ಲಿ ಘೋಷಿಸಿದ 'ಡೂಮ್ 4' ಅನ್ನು ಅರ್ಧದಲ್ಲೇ ಕೈಬಿಟ್ಟು ಹೊಸದಾಗಿ ಆರಂಭಿಸಲಾಯಿತು. 2016ರ ಮೇ ತಿಂಗಳಲ್ಲಿ ಬಂದ ಆಟದ ಹೆಸರು ಬರೀ 'ಡೂಮ್'. ಅದರಲ್ಲಿ ಓಟ ಮರಳಿತ್ತು. ದಮ್ಮಿನ ಅಳತೆ ಇಲ್ಲ, ಟಾರ್ಚು ಇಲ್ಲವೇ ಇಲ್ಲ. ನಿಂತವನು ಸತ್ತ ಎಂಬುದೇ ಅದರ ನೀತಿ. ಹಳೆಯ ಅಭಿಮಾನಿಗಳು ಮನೆಗೆ ಬಂದಂತಾಯಿತು ಎಂದರು. 2020ರ 'ಡೂಮ್ ಇಟರ್ನಲ್' ಇನ್ನೂ ವೇಗವಾಯಿತು. ಎಷ್ಟೆಂದರೆ ಕೆಲವರು ಇದು ಅತಿಯಾಯಿತು, ಬೆರಳು ನೋಯುತ್ತವೆ ಎಂದರು.

2025ರ ಮೇ 15ರಂದು 'ಡೂಮ್: ದಿ ಡಾರ್ಕ್ ಏಜಸ್' ಬಂದಾಗ ಗಡಿಯಾರದ ಲೋಲಕ ಮತ್ತೆ ಇತ್ತ ಬಂದಿತ್ತು. ಇಲ್ಲಿನ ನಾಯಕನ ಕೈಯಲ್ಲಿ ಗುರಾಣಿಯಿದೆ. ಅವನು ಹಿಂದಿನಂತೆ ಹಾರಾಡುವುದಿಲ್ಲ, ಹೆಚ್ಚಾಗಿ ನೆಲಕ್ಕೆ ಕಾಲೂರಿ ನಿಂತು ಏಟು ತಡೆದು ಕಾದುತ್ತಾನೆ. ಹಿಂದಿನದು ಯುದ್ಧವಿಮಾನವಾದರೆ ಇದು ಉಕ್ಕಿನ ಟ್ಯಾಂಕು ಎಂದು ಮಾಡಿದವರೇ ಹೋಲಿಸಿದರು. ಮೊದಲ ವಾರದ ಆಟಗಾರರಿಂದ ಏನು ಕೇಳಿಬಂತೆಂದು ಓದುಗರು ಊಹಿಸಬಹುದು. ಭಾರವಾಗಿದೆ, ನಿಧಾನವಾಗಿದೆ, ಹಿಂದಿನದರ ಹಾರಾಟವಿಲ್ಲ ಎಂದರು ಕೆಲವರು. ಈ ಭಾರವೇ ಚೆಂದ ಎಂದರು ಇನ್ನು ಕೆಲವರು. ವಿಶೇಷವೆಂದರೆ ಈ ಸಲ ಹೋಲಿಕೆಗೆ ನಿಂತದ್ದು 1993ರ ಆಟವಲ್ಲ, ಐದೇ ವರ್ಷ ಹಳೆಯದಾದ 2020ರದು. ಪ್ರತಿ ತಲೆಮಾರಿಗೂ ತಾನು ಬಾಯಿಪಾಠ ಮಾಡಿದ ಆಟವೇ ಅಸಲಿ.

ಹಾಗಾದರೆ ಮೊದಲ ನೋಟದ ತೀರ್ಪಿಗೆ ಬೆಲೆಯಿಲ್ಲವೇ? ಇದೆ. 2004ರ ಆಟಗಾರರು ಮೊದಲ ವಾರದಲ್ಲೇ ಹೇಳಿದ ದೂರುಗಳಲ್ಲಿ ಹಲವು ಇಪ್ಪತ್ತು ವರ್ಷದ ನಂತರವೂ ನಿಂತಿವೆ. ಗೋಡೆಯಿಂದ ಹಾರುವ ರಾಕ್ಷಸರ ಪುನರಾವರ್ತನೆ ಇಂದಿಗೂ ಬೇಸರ ತರಿಸುತ್ತದೆ, ಕೋವಿ ಇಂದಿಗೂ ಚದುರುತ್ತದೆ. ಆದರೆ 'ಇದು ಅದಲ್ಲ' ಎಂಬ ಒಂದು ತೀರ್ಪು ಮಾತ್ರ ನಿಲ್ಲಲಿಲ್ಲ. ಆ ತೀರ್ಪು ಆಟದ ಬಗ್ಗೆ ಹೇಳಿದ್ದಕ್ಕಿಂತ ಆಟಗಾರರ ಹತ್ತು ವರ್ಷದ ಬಗ್ಗೆ ಹೇಳಿದ್ದೇ ಹೆಚ್ಚು. ಹಳೆಯದರ ನೆನಪು ಮಸುಕಾದ ಮೇಲೆ ಬಂದವರಿಗೆ 'ಡೂಮ್ 3' ಕೆಟ್ಟ ಮಗನಲ್ಲ, ಬೇರೆ ಸ್ವಭಾವದ ಮಗ.

2025ರ ಆಟದಲ್ಲಿ ಇನ್ನೊಂದು ಹೊಸ ಸಂಗತಿಯಿದೆ. ಆಟದ ಆಯ್ಕೆಗಳ ಪಟ್ಟಿ ತೆರೆದರೆ ಅಲ್ಲೊಂದು ಅಡ್ಡಗೆರೆ, ಅದರ ಮೇಲೊಂದು ಗುಂಡಿ ಕಾಣುತ್ತದೆ. ಗುಂಡಿಯನ್ನು ಬಲಕ್ಕೆ ಎಳೆದರೆ ಇಡೀ ಆಟ ವೇಗವಾಗುತ್ತದೆ, ಎಡಕ್ಕೆ ಎಳೆದರೆ ನಿಧಾನವಾಗುತ್ತದೆ. ನಡಿಗೆಯನ್ನು ನಿರ್ಧರಿಸುವವರು ಯಾರು ಎಂಬ ಹಳೆಯ ವ್ಯಾಜ್ಯಕ್ಕೆ ಸಂಸ್ಥೆ ಕಂಡುಕೊಂಡ ರಾಜಿ ಅದು. ಆಟಗಾರರು ಆ ಗುಂಡಿಯನ್ನು ಎತ್ತ ಎಳೆಯಬೇಕೆಂಬ ಬಗ್ಗೆ ಈಗ ಜಗಳವಾಡುತ್ತಿದ್ದಾರೆ.